ಅವ್ವ ಮತ್ತು ಕೊಯಿನದ ಸೀಸೆ

ಹೋದ ತಿಂಗಳು ನಮ್ಮ ಬೀದಿಯ ಕೊನೆ ಮನೆಯ ಸೊಸೆಗೆ ಜ್ವರ ಬಂತು. ಆರು ತಿಂಗಳ ಬಸುರಿ ಬೇರೆ. ಗಂಡ ಊರಲ್ಲಿರಲಿಲ್ಲ, ಅತ್ತೆಗೆ ಮಂಡಿನೋವು, ಕಡೆಗೆ ಆಸ್ಪತ್ರೆಗೆ ಜೊತೆಯಾಗಿ ಹೊರಟವಳು ಎಪ್ಪತ್ತು ದಾಟಿದ ನಾನು. ಬೆಂಚಿನ ಮೇಲೆ ಕೂತಿದ್ದಾಗ ಆ ಹುಡುಗಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಮಾತ್ರೆ ನುಂಗಿದರೆ ಮಗುವಿಗೆ ಏನಾದರೂ ಆಗುತ್ತಾ ಅಂತ ಕೇಳಿದಳು. ನಾನೇನು ಡಾಕ್ಟರೇ? ಅವರನ್ನೇ ಕೇಳು ಅಂದೆ. ಆದರೆ ನಮ್ಮ ಸರದಿ ಬರುವುದಕ್ಕೆ ಒಂದು ಗಂಟೆಯ ಮೇಲಾಯಿತು, ಅಷ್ಟು ಹೊತ್ತು ಅವಳಿಗೆ ನನ್ನದೇ ಕತೆ ಹೇಳಿದೆ. ಹೆಸರು ಕರೆದಾಗ ಅವಳು ಧೈರ್ಯವಾಗಿ ಎದ್ದದ್ದು ನೋಡಿ, ಇದನ್ನು ಬರೆದಿಟ್ಟರೆ ಇನ್ನೊಬ್ಬರಿಗೂ ಆದೀತು ಅನ್ನಿಸಿತು. ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಹೆಸರು ಸಣ್ಣಮ್ಮ. ಮಳವಳ್ಳಿ ಮಗ್ಗುಲಿನ ಒಂದು ಬೆದ್ದಲು ಊರು ನನ್ನ ತವರು. ಮಳೆ ಬಂದರೆ ರಾಗಿ, ಬಾರದಿದ್ದರೆ ಆಕಾಶ ನೋಡಿಕೊಂಡು ಕೂರೋದು. ನನಗೆ ನಾಲ್ಕು ವರ್ಷ ಇರುವಾಗಲೇ ಅಪ್ಪ ಹೋದ. ಎರಡೆಕರೆ ಹೊಲ, ಒಂದು ಎಮ್ಮೆ, ನಾನು, ಇಷ್ಟೇ ಅವ್ವನ ಆಸ್ತಿ. ಅವ್ವನ ಹೆಸರು ಕೆಂಪಮ್ಮ. ಮಾತು ಕಮ್ಮಿ, ಕೈ ಜೋರು. ಮುದ್ದು ಮಾಡುವುದು ಅವಳಿಗೆ ಬರುತ್ತಿರಲಿಲ್ಲ, ತಲೆ ಬಾಚುವಾಗ ಕೂದಲು ಕಿತ್ತು ಬರುವ ಹಾಗೆ ಬಾಚುತ್ತಿದ್ದಳು. ಆದರೆ ನಾನು ಊಟ ಮಾಡಿ ಎದ್ದ ಮೇಲೇ ತಾನು ತಟ್ಟೆ ಹಾಕಿಕೊಳ್ಳೋಳು. ಅವಳು ಹೋಗಿ ಒಂಬತ್ತು ವರ್ಷವಾಯಿತು, ಈಗಲೂ ಊಟಕ್ಕೆ ಕೂತಾಗ ಅವಳ ನೆನಪು ಬರುತ್ತದೆ.

ನನ್ನನ್ನು ಕೊಟ್ಟದ್ದು ಕಾಳಮುದ್ದನದೊಡ್ಡಿಯ ಹತ್ತಿರದ ಊರಿಗೆ. ಈಗಿನವರು ಭಾರತೀನಗರ ಅನ್ನುತ್ತಾರೆ, ನಮಗೆ ಅದು ಯಾವತ್ತಿಗೂ ದೊಡ್ಡಿಯೇ. ಮೂವತ್ತರ ದಶಕದ ನಡುವಿನ ಮಾತಿದು. ಆ ಕಡೆಗೆಲ್ಲ ಹೊಸದಾಗಿ ನಾಲೆ ನೀರು ಬಂದಿತ್ತು. ರಾಗಿ ಬೆಳೆಯುತ್ತಿದ್ದವರು ಭತ್ತ ಹಾಕಿದರು, ಕಬ್ಬು ಹಾಕಿದರು, ಮಂಡ್ಯದ ಸಕ್ಕರೆ ಕಾರ್ಖಾನೆಗೆ ಗಾಡಿ ಹೂಡಿದರು. ನೀರಿರೋ ಊರಿಗೆ ಮಗಳನ್ನ ಕೊಟ್ಟೆ ಅಂತ ಅವ್ವ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಅವಳ ಬಾಯಲ್ಲಿ ಜಂಬದ ಮಾತು ಬಂದದ್ದು ಅದೊಂದು ಸಲವೇ ಇರಬೇಕು.

ನೀರಿನ ಜೊತೆಗೆ ಸೊಳ್ಳೆ ಬಂತು, ಸೊಳ್ಳೆಯ ಜೊತೆಗೆ ಚಳಿಜ್ವರ ಬಂತು. ಒಂದು ಮನೆ ಬಿಟ್ಟಿದ್ದರೆ ಕೇಳಿ. ದಿನ ಬಿಟ್ಟು ದಿನ, ಹೊತ್ತು ತಪ್ಪದೆ ಬರೋದು. ನಮ್ಮೂರಿನವರು ಅದಕ್ಕೆ ಬಸ್ಸು ಅಂತ ಹೆಸರಿಟ್ಟಿದ್ದರು. ಗದ್ದೆಯಲ್ಲಿ ಕಳೆ ಕೀಳುತ್ತಿದ್ದವಳು ಸೂರ್ಯನನ್ನು ನೋಡಿ, "ನನ್ ಬಸ್ಸಿನ ಹೊತ್ತಾಯ್ತು ಕಣ್ರವ್ವ" ಅಂತ ಎದ್ದು ಮನೆಗೆ ಹೋಗಿ ಕಂಬಳಿ ಹೊದ್ದುಕೊಳ್ಳೋಳು. ಮೊದಲು ಹಲ್ಲು ಕಟಕಟ ಅನ್ನುವಷ್ಟು ಚಳಿ, ಆಮೇಲೆ ಮೈಯೆಲ್ಲ ಕೆಂಡ, ಕಡೆಗೆ ಸೀರೆ ಹಿಂಡುವಷ್ಟು ಬೆವರು. ಮಾರನೆಯ ದಿನ ಎದ್ದು ಮುದ್ದೆ ತಿರುವೋದು. ಎಲ್ಲರಿಗೂ ಬರುವ ಕಾಯಿಲೆಯನ್ನು ಯಾರೂ ಕಾಯಿಲೆ ಅಂತ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ನನಗೂ ಬಂತು. ಆಗ ನನಗೆ ಹತ್ತೊಂಬತ್ತು, ಹೊಟ್ಟೆಯಲ್ಲಿ ಐದು ತಿಂಗಳು. ಎರಡು ತಿಂಗಳು ಹೀಗೇ ನಡೆಯಿತು. ಅನ್ನ ಕಂಡರೆ ವಾಕರಿಕೆ, ನಿಂತರೆ ಕಣ್ಣು ಕತ್ತಲೆ. ತವರಿಗೆ ಹೇಳಿ ಕಳಿಸೋಣ ಅಂತ ನಮ್ಮ ಯಜಮಾನರು ಒಂದೆರಡು ಸಲ ಅಂದರು, ನಾನೇ ಬೇಡ ಅಂದೆ. ನೀರಿರೋ ಊರು ಅಂತ ಅಷ್ಟು ಹೆಮ್ಮೆಪಟ್ಟವಳಿಗೆ, ಆ ನೀರಿನಿಂದಲೇ ಹೀಗಾಯಿತು ಅಂತ ಹೇಗೆ ಹೇಳಲಿ? ನಮ್ಮತ್ತೆ ಕೆಟ್ಟವರಲ್ಲ. ಬಾಯಿ ಮಾತ್ರ ಒರಟು. ಅವರಿಗೂ ಜ್ವರ ಬರುತ್ತಿತ್ತು, ಅವರದು ಸಂಜೆಯ ಬಸ್ಸು, ನನ್ನದು ಮಧ್ಯಾಹ್ನದ್ದು.

ಒಂದು ದಿನ ಅಂಗಳದಲ್ಲಿ ಭತ್ತ ಹರವಿ ಕಾಯುತ್ತ ಕೂತಿದ್ದೆ. ತೂಕಡಿಕೆ ಬಂದಿರಬೇಕು. ಕಾಗೆಯೊಂದು ಭರ್ ಅಂತ ಬಂದು ನನ್ನ ನೆತ್ತಿಗೆ ಬಡಿದು ಹೋಯಿತು. ನಾನು ಅಯ್ಯೋ ಅಂದದ್ದು ಕೇಳಿ ಅತ್ತೆ ಓಡಿ ಬಂದರು. ಕಾಗೆ ತಲೆ ಮುಟ್ಟಿದರೆ ಸಾವಿನ ಸೂಚನೆ ಅಂತ ಆಗಿನವರ ನಂಬಿಕೆ, ಅದರಲ್ಲೂ ಬಸುರಿಯ ತಲೆ. ಅದಕ್ಕೊಂದು ಪರಿಹಾರವೂ ಇತ್ತು. ಆಕೆ ಸತ್ತಳು ಅಂತ ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ಅಳಬೇಕು. ಕಣ್ಣೀರು ಬಿದ್ದ ಮೇಲೆ, ಇಲ್ಲ, ಬದುಕಿದ್ದಾಳೆ, ಕಾಗೆ ಮುಟ್ಟಿತ್ತು ಅಷ್ಟೇ ಅಂತ ನಿಜ ಹೇಳಬೇಕು. ಅವರು ಬಯ್ಯುತ್ತಾರೆ, ನಗುತ್ತಾರೆ, ಸುದ್ದಿ ತಂದವನಿಗೆ ಊಟ ಹಾಕುತ್ತಾರೆ. ಸಾವು ಬಂದು ಹೋಯಿತು ಅಂತ ಲೆಕ್ಕ. ಈಗಲೂ ಕೆಲವರು ಮಾಡುವುದುಂಟು.

ನಮ್ಮ ಮಾವನ ತಮ್ಮ ಬೋರಯ್ಯನನ್ನು ಮಾರನೆಯ ದಿನ ಬೆಳಗ್ಗೆ ಎದ್ದ ಕೂಡಲೇ ನಮ್ಮವ್ವನ ಹತ್ತಿರಕ್ಕೆ ಅಟ್ಟಿದರು. ಚಿಕ್ಕಮಾವ ಬಲು ಶಿಸ್ತಿನ ಮನುಷ್ಯ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ಕಣ್ಣೀರು ಬೀಳುವ ಮೊದಲು ನಿಜ ಬಾಯಿ ಬಿಟ್ಟರೆ ದೋಷ ಎರಡು ಪಟ್ಟಾಗಿ ವಾಪಸು ಬರುತ್ತೆ ಅಂತ ನಮ್ಮತ್ತೆ ಅವನಿಗೆ ಮೂರು ಸಲ ಹೇಳಿ ಕಳಿಸಿದ್ದರು. ಮುಂದೆ ಆದದ್ದನ್ನು ನಾನು ಕಂಡಿಲ್ಲ, ಅವನು ಬದುಕಿರುವ ತನಕ ಹೇಳಿ ಹೇಳಿ ನಮ್ಮನ್ನು ನಗಿಸುತ್ತಿದ್ದ.

ಅವ್ವ ಕೊಟ್ಟಿಗೆ ಬಾಚುತ್ತಿದ್ದಳಂತೆ. ಇವನು ಹೋಗಿ ಬಾಗಿಲಲ್ಲಿ ನಿಂತು ಟವಲು ಬಾಯಿಗೆ ಹಿಡಿದುಕೊಂಡು, "ಸಣ್ಣಿ ಓಗ್ಬುಟ್ಲು ಕಣಕ್ಕಯ್ಯ" ಅಂದನಂತೆ. ಅಂದು ಕಣ್ಣೀರಿಗೆ ಕಾದ. ಅವ್ವ ಸಗಣಿ ಮಂಕರಿ ಕೆಳಗಿಟ್ಟಳು. ಕೈ ತೊಳೆದಳು. ಎಮ್ಮೆಯನ್ನು ಪಕ್ಕದ ಮನೆಯ ಗೂಟಕ್ಕೆ ಕಟ್ಟಿ, ಬಾಗಿಲಿಗೆ ಚಿಲಕ ಹಾಕಿ, ನಡೆಯುವುದಕ್ಕೆ ಶುರು ಮಾಡಿದಳು. ಅಳಲೇ ಇಲ್ಲ.

ಚಿಕ್ಕಮಾವನಿಗೆ ಪೀಕಲಾಟ. ನಿಜ ಹೇಳುವ ಹಾಗಿಲ್ಲ, ಸುಮ್ಮನಿರುವ ಹಾಗಿಲ್ಲ. ನಮ್ಮೂರಿಗೆ ಅಲ್ಲಿಂದ ಮೂರು ಹರದಾರಿ, ಒಂಬತ್ತು ಮೈಲಿ. ಅವಳು ಮುಂದೆ, ಇವನು ಹಿಂದೆ. ಬಸ್ಸಿಗೆ ಕಾಯೋಣ ಅಂದರೆ ಕೇಳಲಿಲ್ಲ, ಎದುರಿಗೆ ಸಿಕ್ಕ ಗಾಡಿಯವನು ಹತ್ತಿ ಅಂದರೂ ನಿಲ್ಲಲಿಲ್ಲ. ಇವಳನ್ನು ಹೇಗಾದರೂ ಅಳಿಸಲೇಬೇಕು ಅಂತ ಇವನು ನನ್ನ ಗುಣಗಾನಕ್ಕೆ ಇಳಿದನಂತೆ. ಎಂಥಾ ಹುಡುಗಿ, ಎಂಥಾ ಕೈಯಡಿಗೆ, ಯಾರಿಗೂ ಎದುರು ಮಾತಾಡಿದವಳಲ್ಲ, ಹೀಗೆ. ಎದುರು ಮಾತಾಡದವಳು ಅನ್ನುವುದು ಅವನು ಅವತ್ತು ಹೇಳಿದ ಎರಡನೇ ಸುಳ್ಳು. ಅವ್ವ ತಿರುಗಿ ಕೂಡ ನೋಡದೆ, "ಸುಮ್ಕೆ ನಡಿಯಪ್ಪ. ಮಗಳ ಮಕ ನೋಡಗಂಟ ನಾನು ಅಳಾಕಿಲ್ಲ" ಅಂದಳಂತೆ.

ಅರ್ಧ ದಾರಿಯಲ್ಲಿ ಒಂದು ಬಾವಿಯ ಹತ್ತಿರ ಅವನಿಗೆ ತಡೆಯಲಾಗಲಿಲ್ಲ. ದೋಷ ಬಂದರೆ ಬರಲಿ ಅಂತ ಎಲ್ಲ ಬಾಯಿ ಬಿಟ್ಟ. ಕಾಗೆ, ನಮ್ಮತ್ತೆ ಹೇಳಿದ್ದು, ಸುಳ್ಳು ಸುದ್ದಿ, ಎಲ್ಲ. ಅವ್ವ ನಂಬಲಿಲ್ಲ. ಸತ್ತವರ ಮನೆಗೆ ಕರೆದೊಯ್ಯುವವರು ದಾರಿಯಲ್ಲಿ ಏನೂ ಆಗಿಲ್ಲ, ಸ್ವಲ್ಪ ಹುಷಾರಿಲ್ಲ ಅಂತ ಸಮಾಧಾನ ಹೇಳುವುದನ್ನು ಅವಳು ಎಷ್ಟು ಸಲ ಕಂಡಿರಲಿಲ್ಲ? ಅಪ್ಪ ಹೋದಾಗ ಅವಳಿಗೆ ಹೇಳಿದ್ದೂ ಹಾಗೇ. ಅವನ ನಿಜವೇ ಅವಳಿಗೆ ಸುಳ್ಳಾಗಿ ಕೇಳಿಸಿ ಇನ್ನೂ ಬಿರಬಿರನೆ ನಡೆದಳು.

ನಮ್ಮ ಮನೆ ಮುಂದೆ ಬಂದಾಗ ಮಧ್ಯಾಹ್ನವಾಗಿತ್ತು. ತಮಟೆ ಇಲ್ಲ, ಜನ ಇಲ್ಲ, ಅತ್ತೆ ಜಗಲಿಯ ಮೇಲೆ ಅಕ್ಕಿ ಕೇರುತ್ತಿದ್ದರು. ಅವ್ವ ಅವರನ್ನು ದಾಟಿ ಒಳಗೆ ಬಂದಳು. ನನ್ನ ಬಸ್ಸು ಬಂದಿತ್ತು. ಎರಡು ಕಂಬಳಿಯ ಕೆಳಗೆ ಗಡಗಡ ನಡುಗುತ್ತ ಮಲಗಿದ್ದೆ. ಯಾರೋ ಕಂಬಳಿ ಎತ್ತಿದರು. ಕಣ್ಣು ಬಿಟ್ಟರೆ ಅವ್ವ, ಕಾಲೆಲ್ಲ ಧೂಳು, ತುಟಿ ಒಣಗಿ ಬಿರಿದಿದೆ. ಯಾಕವ್ವ ಬಂದೆ ಅಂದೆ. ಅವಳು ಹಾಗೇ ಕುಸಿದು ಕೂತು, ನನ್ನ ಕಾಲೆರಡನ್ನೂ ತಬ್ಬಿಕೊಂಡು ಅತ್ತಳು. ಅಪ್ಪ ಸತ್ತಾಗಿನ ನೆನಪು ನನಗಿಲ್ಲ, ಆದ್ದರಿಂದ ಅವ್ವ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಬಾಗಿಲಲ್ಲಿ ನಿಂತ ಅತ್ತೆಗೆ ಮಾತ್ರ ಸಮಾಧಾನ. ಅತ್ತುಬಿಟ್ಟಿರಲ್ಲ, ಬಿಡಿ, ದೋಷ ಕಳೆಯಿತು ಅಂದರು.

ಅವ್ವ ಮೂಗು ಒರೆಸಿಕೊಂಡು ಎದ್ದಳು. "ಕಾಗೆ ಕಾಟ ಓಯ್ತು ಕಣವ್ವ. ಈ ಜರದ ಕಾಟ ಕಳಿಯಾಕೆ ಯಾರ್ನ ಕಳುಸ್ತೀಯ?" ಅಂದಳು. ಅವ್ವ ನನ್ನ ಹೊಟ್ಟೆಯ ಮೇಲೆ ಕೈಯಾಡಿಸಿ, ಎಡಗಡೆ ಪಕ್ಕೆಯ ಕೆಳಗೆ ಒತ್ತಿ ನೋಡಿದಳು. ಅಲ್ಲಿ ಗಟ್ಟಿಯಾಗಿ ಒಂದು ಗಡ್ಡೆ ಸಿಕ್ಕಿತು. ಚಳಿಜ್ವರ ಹಳೆಯದಾದರೆ ಊದಿಕೊಳ್ಳುವ ಜ್ವರಗಡ್ಡೆ. ಅವಳ ಮುಖ ಕಪ್ಪಿಟ್ಟಿತು. ಈಗ ಯೋಚಿಸಿದರೆ ನಗು ಬರುತ್ತೆ. ಆ ಕಾಗೆ ಬಡಿಯದಿದ್ದರೆ ಅವ್ವ ಹಬ್ಬದ ತನಕ ಬರುತ್ತಲೇ ಇರಲಿಲ್ಲ, ನಾನು ಈ ಕತೆ ಬರೆಯುತ್ತಲೂ ಇರಲಿಲ್ಲ.

ಮಾರನೆಯ ಬೆಳಗ್ಗೆ ಗಾಡಿ ಕಟ್ಟಿಸಿದಳು, ಮದ್ದೂರಿನ ಆಸ್ಪತ್ರೆಗೆ. ನಮ್ಮ ಯಜಮಾನರು ಗಾಡಿ ಹೊಡೆದರು. ಅವರು ಯಾರು ಜಗಳ ಆಡಿದರೂ ಎತ್ತಿನ ಗಂಗೆದೊಗಲು ಸವರುತ್ತ ನಿಲ್ಲುವ ಜಾತಿ. ಹೊರಡುವಾಗ ಅತ್ತೆ ಗಾಡಿಯ ಹತ್ತಿರ ಬಂದು ಒಂದು ಮಾತು ಹೇಳಿದರು. ಚಳಿಜ್ವರಕ್ಕೆ ಡಾಕ್ಟರು ಕೊಡುತ್ತಿದ್ದ ಕ್ವಿನೈನನ್ನು ನಮ್ಮ ಕಡೆ ಕೊಯಿನ ಅನ್ನೋರು. ಅದು ಉಷ್ಣ, ಬಸುರಿ ಕುಡಿದರೆ ಬಸಿರು ಇಳಿದುಹೋಗುತ್ತೆ, ಮೂರನೇ ಮನೆಯ ಗೌರಿಗೆ ಹಾಗೇ ಆಯಿತು. ಏನು ಬೇಕಾದರೂ ಮಾಡಿಸಿ, ಕೊಯಿನ ಮಾತ್ರ ಬೇಡ. "ನನ್ ಮೊಮ್ಮಗೀಗೆ ಏನಾರ ಆದ್ರೆ ನೀನೇ ಜವಾಬ್ದಾರಿ ಕಣವ್ವ" ಅಂದರು. ಅವ್ವ ತಲೆ ಆಡಿಸಿದಳು. ಬೇಡ ಅಂತಲೋ ಆಗಲಿ ಅಂತಲೋ ಗೊತ್ತಾಗಲಿಲ್ಲ. ನಾನಂತೂ ದಾರಿಯುದ್ದಕ್ಕೂ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಇದ್ದೆ.

ಆಸ್ಪತ್ರೆಯ ಹೆಂಚಿನ ಪಡಸಾಲೆ ತುಂಬ ನಮ್ಮಂಥವರೇ. ಹಳದಿ ಮುಖ, ಮಡಕೆ ಹೊಟ್ಟೆಯ ಮಕ್ಕಳು, ಎಲ್ಲರ ಕೈಯಲ್ಲೂ ಒಂದೊಂದು ಸೀಸೆ. ಔಷಧಿಗೆ ಸೀಸೆ ನಾವೇ ತೆಗೆದುಕೊಂಡು ಹೋಗಬೇಕಿತ್ತು. ಅವ್ವ ತಂದದ್ದು ಹರಳೆಣ್ಣೆಯ ಸೀಸೆ. ಕಾಂಪೌಂಡರು ಮೂಸಿ ನೋಡಿ, ಬೂದಿ ಹಾಕಿ ತೊಳಕೊಂಡು ಬಾರಮ್ಮ ಅಂತ ಎರಡು ಸಲ ವಾಪಸು ಕಳಿಸಿದರು. ಕಾಯುತ್ತ ಕಾಯುತ್ತ ಹನ್ನೊಂದು ಗಂಟೆಯ ಹೊತ್ತಿಗೆ ಪಡಸಾಲೆಯಲ್ಲಿ ಒಬ್ಬೊಬ್ಬರಾಗಿ ನಡುಗುವುದಕ್ಕೆ ಶುರು ಮಾಡಿದರು. ಬಸರಾಳಿನ ಕಡೆಯ ಒಬ್ಬ ಹೆಂಗಸು ತನ್ನ ಚಾಪೆಯನ್ನು ನನ್ನ ಕಡೆಗೆ ಎಳೆದು, ಬಾ ಮಗ, ಇಬ್ಬರೂ ಒಂದೇ ಕಂಬಳಿಯಲ್ಲಿ ನಡುಗೋಣ ಅಂದಳು. ಅವತ್ತು ನನ್ನ ಸರದಿಯ ದಿನವಲ್ಲ, ಆದರೂ ಹೋಗಿ ಅವಳ ಪಕ್ಕ ಮಲಗಿದೆ. ಅವಳ ಹೆಸರು ಕೇಳುವುದನ್ನು ಮರೆತೆ, ಆ ಕಂಬಳಿಯ ವಾಸನೆ ಮಾತ್ರ ಇವತ್ತಿಗೂ ನೆನಪಿದೆ.

ಡಾಕ್ಟರು ತೆಳ್ಳಗೆ, ಕನ್ನಡಕದವರು. ಕಣ್ಣಿನ ರೆಪ್ಪೆ ಎಳೆದು ನೋಡಿದರು, ಗಡ್ಡೆ ಒತ್ತಿದರು, ಹೊಟ್ಟೆಗೆ ಕಿವಿ ಕೊಟ್ಟು ಕೇಳಿದರು. ನನ್ನ ಹತ್ತಿರ ಏನೂ ಹೇಳದೆ ಅವ್ವನನ್ನು ಹಿತ್ತಲ ಬೇವಿನ ಮರದ ಕೆಳಗೆ ಕರೆದುಕೊಂಡು ಹೋದರು. ಕಿಟಕಿಯಿಂದ ನನಗೆ ಅವ್ವನ ಬೆನ್ನು ಕಾಣಿಸುತ್ತಿತ್ತು. ಅವರು ಬಹಳ ಹೊತ್ತು ಮಾತಾಡಿದರು, ಅವಳು ಒಂದೇ ಮಾತು ಆಡಿದ ಹಾಗಿತ್ತು. ವಾಪಸು ಬಂದಾಗ ಕೈಯಲ್ಲಿ ಸೀಸೆ ತುಂಬಿತ್ತು, ಸೀಸೆಯ ಮೈಗೆ ಪಟ್ಟೆ ಪಟ್ಟೆ ಕಾಗದ ಅಂಟಿಸಿದ್ದರು, ಒಂದು ಹೊತ್ತಿಗೆ ಒಂದು ಪಟ್ಟೆ. ಏನವ್ವ ಅದು ಅಂದೆ. ಕೊಯಿನ ಅಂದಳು.

ನಾನು ಬಾಯಿ ಬಿಗಿಹಿಡಿದೆ. ಅತ್ತೆ ಹೇಳಿದ್ದು ಕೇಳಲಿಲ್ಲವಾ, ಮಗು ಹೋಗುತ್ತೆ, ಕುಡಿಯಲ್ಲ ಅಂದೆ. ಅವ್ವ ಬೈಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಲೋಟಕ್ಕೆ ಒಂದು ಪಟ್ಟೆ ಬಗ್ಗಿಸಿ ತಾನೇ ಗಟಗಟ ಕುಡಿದುಬಿಟ್ಟಳು. ಮುಖ ಕಿವುಚಿ, ಥೂ ಅಂತ ಉಗಿದು, ಇನ್ನೊಂದು ಪಟ್ಟೆ ಬಗ್ಗಿಸಿ ನನ್ನ ಮುಂದೆ ಹಿಡಿದಳು. "ನಿಂಗೇನಾಯ್ತದೋ ನಂಗೂ ಆಗ್ಲಿ. ಕುಡಿ" ಅಂದಳು. ನಾನು ಅವಳ ಮುಖ ನೋಡಿಕೊಂಡೇ ಕುಡಿದೆ. ಅಂಥಾ ಕಹಿಯನ್ನು ನಾನು ಈ ಎಪ್ಪತ್ತು ವರ್ಷದಲ್ಲಿ ಮತ್ತೆ ಕಂಡಿಲ್ಲ.

ಆಸ್ಪತ್ರೆಯ ಹತ್ತಿರವೇ ಒಂದು ಛತ್ರ. ಅಲ್ಲಿ ಮೂಲೆ ಹಿಡಿದು, ಮೂರು ಕಲ್ಲು ಹೂಡಿ, ಗಂಜಿ ಕಾಯಿಸಿಕೊಂಡು ಇದ್ದೆವು. ಯಜಮಾನರು ಊರಿಗೆ ಹೋಗಿ ಬಂದು ಮಾಡುತ್ತಿದ್ದರು. ನಾನು ಒಂದು ಪಟ್ಟೆ ಕುಡಿದರೆ ಅವ್ವನೂ ಒಂದು ಪಟ್ಟೆ, ಎರಡು ದಿನ ಹೀಗೇ ನಡೆಯಿತು. ಕೊಯಿನ ಕುಡಿದವರಿಗೆ ಕಿವಿಯಲ್ಲಿ ಗುಂಯ್ ಅಂತ ಶಬ್ದ ಶುರುವಾಗುತ್ತೆ, ಹೊರಗಿನದು ಕೇಳಿಸುವುದಿಲ್ಲ. ನಮ್ಮಿಬ್ಬರಿಗೂ ಕಿವಿ ಹೋಯಿತು. ಗಂಜಿಗೆ ಉಪ್ಪು ಹಾಕಿದೆಯಾ ಅಂತ ನಾನು ಕಿರುಚೋದು, ಬೆನ್ನು ಉಜ್ಜಬೇಕಾ ಅಂತ ಅವಳು ಕಿರುಚೋದು. ಛತ್ರದ ಜನ ತಾಯಿ ಮಗಳು ಜಗಳ ಆಡುತ್ತಿದ್ದಾರೆ ಅಂತ ಬಿಡಿಸಲು ಬಂದರು. ಅಷ್ಟು ಕಾಯಿಲೆಯಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಮೂರನೇ ದಿನ ಸೀಸೆ ಬೇಗ ಖಾಲಿಯಾಗಿದ್ದು ಕಂಡು ಕಾಂಪೌಂಡರು ಲೆಕ್ಕ ಕೇಳಿದರು. ಅವ್ವ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಪಡಸಾಲೆಗೆಲ್ಲ ಕೇಳುವ ಹಾಗೆ ಬೈದರು, ಆಮೇಲೆ ಇನ್ನೊಂದು ಸೀಸೆ ತುಂಬಿಕೊಟ್ಟರು. ಅವ್ವನಿಗೆ ಆ ಬೈಗುಳ ಅರ್ಧ ಕೇಳಿಸಲೇ ಇಲ್ಲ.

ನಾಲ್ಕನೇ ದಿನ ಚಳಿ ಬರಲಿಲ್ಲ. ಹೊತ್ತಾಯಿತು, ಕಂಬಳಿ ಹಿಡಿದುಕೊಂಡು ಕೂತೇ ಇದ್ದೆ. ಬರಲಿಲ್ಲ. ಹಸಿವಾಗುತ್ತಿದೆ ಅಂದೆ. ಹೋಟೆಲಿನ ಕಡೆ ತಲೆ ಹಾಕಿ ಮಲಗಿದವಳಲ್ಲದ ಅವ್ವ, ಬೀದಿಯಲ್ಲಿ ನಿಂತು ಯಾರ ಕೈಯಲ್ಲೋ ಹೇಳಿಸಿ ಎಲೆಯಲ್ಲಿ ಕಟ್ಟಿಸಿಕೊಂಡು ಎರಡು ದೋಸೆ ತಂದಳು. ನಾನು ಎರಡನ್ನೂ ತಿಂದೆ. ಅವಳಿಗೊಂದು ತುಂಡು ಬೇಕಾ ಅಂತ ಕೇಳುವ ಬುದ್ಧಿಯೂ ನನಗಿರಲಿಲ್ಲ. ಅವಳು ನನ್ನ ಬಾಯನ್ನೇ ನೋಡುತ್ತ ಕೂತಿದ್ದಳು. ಆ ದಿನದ ಸುಖವನ್ನು ಕಾಯಿಲೆ ಬಿದ್ದು ಎದ್ದವರಿಗೆ ಹೇಳಬೇಕಾಗಿಲ್ಲ.

ಐದನೇ ದಿನ ಬೆಳಗ್ಗೆ ಎದ್ದರೆ ಮಗು ಅಲುಗಾಡಲಿಲ್ಲ. ಮಿಕ್ಕ ದಿನ ನಾನು ಎದ್ದ ಕೂಡಲೇ ಒದೆಯುತ್ತಿತ್ತು. ಕಾದೆ. ಎಡಗಡೆ ಮಲಗಿದೆ, ಬಲಗಡೆ ಮಲಗಿದೆ, ತಣ್ಣೀರು ಕುಡಿದೆ. ಏನೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಎದೆ ಒಡೆದುಹೋಯಿತು. ಅವ್ವ ಶಿಂಷಾ ಹೊಳೆಯಲ್ಲಿ ಬಟ್ಟೆ ಒಗೆದುಕೊಂಡು ಬಂದವಳು ಏನಾಯಿತು ಅಂದಳು. ನಾನು ಅವಳ ಮುಖಕ್ಕೇ ಹೇಳಿದೆ: "ನೀನೇ ಕೊಂದ್ಬುಟ್ಟೆ ಕಣವ್ವ."

ಇದನ್ನು ಬರೆಯದೆ ಬಿಡಬಹುದಾಗಿತ್ತು, ಆದರೆ ನಾನು ಅಂದದ್ದು ನಿಜ. ಅವ್ವ ಒಗೆದ ಸೀರೆಯನ್ನು ಹಾಗೇ ನೆಲದ ಮೇಲಿಟ್ಟು ನನ್ನ ಪಕ್ಕ ಕೂತಳು. ಒದ್ದೆ ಅಂಗೈಯನ್ನು ನನ್ನ ಹೊಟ್ಟೆಯ ಮೇಲೆ ಇಟ್ಟಳು. ಡಾಕ್ಟರ ಹತ್ತಿರ ಹೋಗೋಣ ಅಂದಳು, ಕಾಲು ಏಳುತ್ತಿಲ್ಲ ಅಂದೆ. ಹಾಗೇ ಕೂತೆವು. ಅವಳ ಕೈ ಒಣಗಿತು, ಬಿಸಿಯಾಯಿತು, ಬೆವರಿತು, ತೆಗೆಯಲಿಲ್ಲ. ಹೊತ್ತು ಇಳಿಯುವ ವೇಳೆಗೆ ಅವಳ ಅಂಗೈಯ ಕೆಳಗೇ ಮಗು ಒಂದು ಸಲ ಒದೆಯಿತು. ಆಮೇಲೆ ಮತ್ತೊಂದು ಸಲ, ಜೋರಾಗಿ. ನಾನು ಅಳುತ್ತ ನಗುತ್ತ ಅವ್ವನನ್ನು ಹಿಡಿದುಕೊಂಡೆ. ಅವಳು ಎದ್ದು ಪಾತ್ರೆ ತಿಕ್ಕುವುದಕ್ಕೆ ಹೋದಳು. ಆ ಖುಷಿಯಲ್ಲಿ ನಾನು ಆಡಿದ ಮಾತು ನನಗೆ ಮರೆತೇಹೋಯಿತು.

ಹತ್ತು ದಿನಕ್ಕೆ ಮದ್ದೂರು ಬಿಟ್ಟೆವು. ಹೆರಿಗೆ ಆಗುವ ತನಕ ನೀರಿರೋ ಊರು ಬೇಡ ಅಂತ ಅವ್ವ ನನ್ನನ್ನು ತವರಿಗೆ ಕರೆದುಕೊಂಡು ಹೋದಳು. ಒಂಬತ್ತು ತಿಂಗಳು ತುಂಬಿ ನಾಲ್ಕು ದಿನಕ್ಕೆ, ಹಾಡಹಗಲಲ್ಲಿ, ಗಂಡು ಮಗು ಹುಟ್ಟಿತು. ಸಣ್ಣದು, ಮೊರದಲ್ಲಿ ಹಾಕಿದರೆ ಮುಕ್ಕಾಲು ಪಾಲು ಖಾಲಿ. ಆದರೆ ಕಿರುಚಾಟಕ್ಕೆ ಏನೂ ಕಮ್ಮಿ ಇರಲಿಲ್ಲ. ಅತ್ತೆ ನೋಡಲು ಬಂದವರು, ಇಷ್ಟೇನಾ ಅಂದರು. ಅಂದು, ಎತ್ತಿಕೊಂಡು, ಸಂಜೆಯ ತನಕ ಕೆಳಗಿಡಲಿಲ್ಲ. ಆಗ ಅವ್ವ, ಕೊಯಿನ ಕುಡಿಸಿದ್ದೆ, ನಾನೇ ಕುಡಿಸಿದ್ದು, ಇವಳದೇನೂ ತಪ್ಪಿಲ್ಲ ಅಂತ ನೇರವಾಗಿ ಹೇಳಿದಳು. ಅತ್ತೆ ಮಗುವಿನ ಮುಖ ನೋಡಿದರು, ಅವ್ವನ ಮುಖ ನೋಡಿದರು. ಆಮೇಲೆ, ಆ ಸೀಸೆಯಲ್ಲಿ ಇನ್ನೂ ಏನಾದರೂ ಉಳಿದಿದೆಯಾ, ನನ್ನ ಜ್ವರ ಬಿಡುತ್ತಿಲ್ಲ ಅಂದರು. ಮುಂದಿನ ವಾರ ಯಜಮಾನರು ಅವರನ್ನೂ ಮದ್ದೂರಿಗೆ ಕರೆದುಕೊಂಡು ಹೋದರು.

ಮಗುವಿಗೆ ಚೆನ್ನಯ್ಯ ಅಂತ ಹೆಸರಿಟ್ಟೆವು. ಅವನ ಮೇಲೆ ಅವ್ವನ ಪ್ರೀತಿ ಒಂದು ಅತಿ. ನನ್ನನ್ನು ಒಂದು ದಿನವೂ ಮುದ್ದು ಮಾಡದವಳು ಅವನನ್ನು ಕೆಳಗೆ ಬಿಡುತ್ತಿರಲಿಲ್ಲ. ಎಮ್ಮೆಯ ಗಿಣ್ಣು ಮೊದಲು ಅವನಿಗೆ, ಹೊಸ ಅವರೆಕಾಯಿ ಮೊದಲು ಅವನಿಗೆ. ಹುಡುಗ ಮಡಕೆ ಒಡೆದರೂ ಗದರುತ್ತಿರಲಿಲ್ಲ, ನಾನು ಗದರಿದರೆ ನನಗೇ ಬೈಗುಳ. ಆಮೇಲೆ ನನಗೆ ಇನ್ನೂ ಮೂರು ಮಕ್ಕಳಾದವು, ಅವರಿಗೆಲ್ಲ ಅವ್ವನ ಕೈಯಲ್ಲಿ ಬೇಕಾದಷ್ಟು ಏಟು ಬಿದ್ದಿವೆ. ಚೆನ್ನಯ್ಯನಿಗೆ ಒಂದೇ ಒಂದು ಒರಟು ಮಾತೂ ಬೀಳಲಿಲ್ಲ. ಅವನು ದೊಡ್ಡವನಾಗಿ, ಮೇಷ್ಟರಾಗಿ, ಕಿವಿಯ ಹತ್ತಿರ ಕೂದಲು ನೆರೆತ ಮೇಲೂ ಅಷ್ಟೇ. ಮೊದಲ ಮೊಮ್ಮಗ ಅಂತ ನಾವೆಲ್ಲ ನಗುತ್ತಿದ್ದೆವು.

ಅವ್ವನಿಗೆ ಎಂಬತ್ತರ ಹತ್ತಿರ ಬಂದಾಗ ನಮ್ಮ ಮನೆಗೇ ಕರೆದುಕೊಂಡು ಬಂದಿದ್ದೆ. ಒಂದು ಭಾನುವಾರ ಚೆನ್ನಯ್ಯ ಬಂದು ಅವಳ ಮಂಚದ ತುದಿಯಲ್ಲಿ ಕೂತಿದ್ದ. ನಾನು ಕೆಳಗೆ ಕೂತು ಸೊಪ್ಪು ಬಿಡಿಸುತ್ತಿದ್ದೆ. ಅವ್ವ ಇದ್ದಕ್ಕಿದ್ದ ಹಾಗೆ, ನಿನಗೊಂದು ವಿಷಯ ಹೇಳಬೇಕು ಕಣಪ್ಪ, ಹೇಳದೆ ಹೋದರೆ ನನಗೆ ನೆಮ್ಮದಿ ಇಲ್ಲ ಅಂದಳು. ಬೇವಿನ ಮರದ ಕೆಳಗೆ ಡಾಕ್ಟರು ಏನು ಕೇಳಿದ್ದರು ಅನ್ನುವುದನ್ನು ಅವತ್ತು ಹೇಳಿದಳು. ಔಷಧಿ ಕೊಡದಿದ್ದರೆ ಎರಡು ಜೀವವೂ ಉಳಿಯುವುದು ಕಷ್ಟ, ಕೊಟ್ಟರೆ ಮಗಳು ಉಳೀಬಹುದು, ಮಗುವಿನ ವಿಷಯ ನಾನು ಹೇಳಲಾರೆ, ಏನು ಮಾಡಲಿ ತಾಯಿ ಅಂದಿದ್ದರಂತೆ.

"ನಾನು ಉಸ್ರೂ ಬುಡ್ದೆ ಅಂದ್ಬುಟ್ಟೆ ಕಣ್ ಮಗ, ನಂಗೆ ನನ್ ಮಗಳು ಬೇಕು ಅಂತ. ನಿನ್ ಬಗ್ಗೆ ಒಂದು ಗಳಿಗೆ ಯೋಚ್ನೆ ಮಾಡ್ಲಿಲ್ಲ. ನಿಮ್ಮವ್ವ ಆಮೇಲೆ ನಂಗಂದ್ಲು, ನೀನೇ ಕೊಂದೆ ಅಂತ. ಸರಿಯಾಗೇ ಅಂದ್ಲು. ನಾನು ನಿನ್ನ ಬುಟ್ಬುಟ್ಟಿದ್ದೆ."

ನನ್ನ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ನಲವತ್ತು ವರ್ಷ. ನಾನು ಛತ್ರದ ಮೂಲೆಯಲ್ಲೇ ಮರೆತು ಬಂದಿದ್ದ ಮಾತನ್ನು ಇವಳು ನಲವತ್ತು ವರ್ಷ ಹೊತ್ತುಕೊಂಡು ತಿರುಗಿದ್ದಳು. ಗಿಣ್ಣು, ಅವರೆಕಾಯಿ ಎಲ್ಲ ಯಾಕೆ ಅಂತ ನನಗೆ ಅವತ್ತು ಗೊತ್ತಾಯಿತು. ತಪ್ಪಾಯಿತು ಕಣವ್ವ ಅನ್ನುವ ಬದಲು ನಾನು ಅವಳ ಕಾಲು ಹಿಡಿದುಕೊಂಡೆ ಅಷ್ಟೇ.

ಚೆನ್ನಯ್ಯ ಅಜ್ಜಿಯ ಹತ್ತಿರಕ್ಕೆ ಸರಿದ. ಆಮೇಲೆ ಅವಳ ಕೈ ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡ. "ಅಜ್ಜಿ, ಡಾಕ್ಟ್ರು ನನ್ನೇ ಕೇಳಿದ್ರೂ ನಾನೂ ಅವ್ವನ್ನೇ ಉಳ್ಸಿ ಅಂತಿದ್ದೆ ಕಣಜ್ಜಿ" ಅಂದ.

ಅವ್ವ ಅವನ ಮುಖವನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಅವಳ ಕಣ್ಣು ಕೆಳಗೆ ಅವನ ಪಾದದ ಮೇಲೆ ಬಿತ್ತು. ಬೀದಿಯ ಮಣ್ಣು ಹಾಗೇ ಇತ್ತು. "ಲೇ, ಕಾಲು ತೊಳೀದೆ ಮಂಚದ ಮೇಲೆ ಕುಂತಿದ್ದೀಯಲ್ಲ, ಮೇಷ್ಟ್ರಂತೆ ಮೇಷ್ಟ್ರು. ಎದ್ದೋಗ್ಲಾ" ಅಂತ ಅವನಿಗೆ ಮೊದಲ ಸಲ ಬೈದಳು. ನಲವತ್ತು ದಾಟಿದ ನನ್ನ ಮಗ ದಡಬಡ ಎದ್ದು ನಗುತ್ತ ಬಚ್ಚಲಿಗೆ ಹೋದ.